ಮೂಲೆಮಟ್ಟದಿಂದ ಕ್ಯಾಡ್‌ವರೆಗೆ: ಪೂರ್ಣ ಕಟ್ಟಿನ ನಕ್ಷೆ ಮತ್ತು ಕನ್ನಡದ ಪರಿಭಾಷೆ

ತಾಂತ್ರಿಕ ಶಿಕ್ಷಣ ಕನ್ನಡದಲ್ಲಿ ಸಾಧ್ಯವೇ ಎಂಬ ಚರ್ಚೆ ಸಾಮಾನ್ಯವಾಗಿ ಪದಗಳ ಕೊರತೆಯ ಮಾತಿನಿಂದ ಆರಂಭವಾಗಿ ಅಲ್ಲಿಯೇ ಕೊನೆಗೊಳ್ಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾತೃಭಾಷೆಯ ಕಲಿಕೆಗೆ ಒತ್ತು ನೀಡಿತು. ಅದರ ಬೆನ್ನಲ್ಲೇ, 2021-22ರ ಶೈಕ್ಷಣಿಕ ವರ್ಷದಿಂದ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಅವಕಾಶ ಕಲ್ಪಿಸಿತು. ಆದರೆ ಅನುಮತಿಯೊಂದರಿಂದಲೇ ಪಾಠ ಸಿದ್ಧವಾಗುವುದಿಲ್ಲ. ಪಾಠದ ಒಳಗೆ ಭಾಷೆ ಯಾವ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಒಂದೊಂದು ಪಾಠವನ್ನೂ ಬಿಡಿಸಿ ನೋಡಿಯೇ ತಿಳಿಯಬೇಕು. ಪ್ರಸ್ತುತ ಲೇಖನವು ಅಂಥ ಒಂದು ಪಾಠವನ್ನು ಮಾತ್ರ ಎತ್ತಿಕೊಳ್ಳುತ್ತದೆ: ಕ್ಯಾಡ್ ಎಂದು ರೂಢಿಯಲ್ಲಿರುವ ಕಂಪ್ಯೂಟರ್ ನೆರವಿನ ವಿನ್ಯಾಸದಲ್ಲಿ, ಯಾವ ಗೆರೆಯೂ ತನ್ನಷ್ಟಕ್ಕೆ ಅಲುಗದಂತೆ ನಕ್ಷೆಯನ್ನು ಪೂರ್ಣವಾಗಿ ಬಿಗಿಯುವ ಪಾಠ.

ಈ ಪಾಠವನ್ನು ಉಪ್ಪುಂದದ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. ಬೈಂದೂರು ತಾಲ್ಲೂಕಿನ ಈ ಕಡಲತಡಿಯ ಊರು ಮೀನುಗಾರಿಕೆ, ನಾಡದೋಣಿ, ಬೇಸಾಯಗಳ ಊರು. ಮನೆ-ಬೀದಿಗಳಲ್ಲಿ ಕುಂದಾಪ್ರ ಕನ್ನಡ, ಕೊಂಕಣಿಗಳನ್ನಾಡುವ ಊರು. ಇಂಥ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಐಟಿಐಗೋ ಡಿಪ್ಲೊಮಾಕ್ಕೋ ಸೇರುವ ವಿದ್ಯಾರ್ಥಿಗೆ ಕ್ಯಾಡ್ ಎದುರಾಗುವುದು ಇಂಗ್ಲಿಷಿನಲ್ಲಿ. ಅಲ್ಲಿ ಅವನಿಗೆ ಅಥವಾ ಅವಳಿಗೆ ಕಷ್ಟವಾಗುವುದು ವಿಷಯವೋ ಭಾಷೆಯೋ ಎಂಬುದನ್ನು ಬೇರ್ಪಡಿಸಿ ನೋಡುವ ಕೆಲಸ ನಮ್ಮಲ್ಲಿ ಸಾಕಷ್ಟು ನಡೆದಿಲ್ಲ.

ಮೊದಲು ವಿಷಯವನ್ನು ಗಮನಿಸಬಹುದು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡ್ ತಮ್ಮ ಸಂಶೋಧನ ಪ್ರಬಂಧಕ್ಕಾಗಿ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶವನ್ನು ರೂಪಿಸಿದರು. ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಎಳೆದ ಗೆರೆಗಳಿಗೆ 'ಇವೆರಡು ಸಮಾಂತರವಾಗಿರಲಿ', 'ಇವೆರಡು ಸಮನಾಗಿರಲಿ' ಎಂಬಂಥ ಷರತ್ತುಗಳನ್ನು ವಿಧಿಸಲು ಅದರಲ್ಲಿ ಸಾಧ್ಯವಿತ್ತು. 1980ರ ದಶಕದ ಕೊನೆಯಲ್ಲಿ ಬಂದ ಪ್ರೊ-ಎಂಜಿನಿಯರ್, 1995ರ ಸಾಲಿಡ್‌ವರ್ಕ್ಸ್, 2002ರಲ್ಲಿ ಮೊದಲು ಬಿಡುಗಡೆಯಾದ ಮುಕ್ತ ತಂತ್ರಾಂಶ ಫ್ರೀಕ್ಯಾಡ್ ಮೊದಲಾದವುಗಳಲ್ಲಿ ಈ ಚಿಂತನೆ ಬೆಳೆದಿದೆ. ಇವುಗಳಲ್ಲಿ ನಕ್ಷೆಯೆಂದರೆ ಕೇವಲ ಚಿತ್ರವಲ್ಲ. ಗೆರೆಗಳ ನಡುವಿನ ಸಂಬಂಧಗಳ ಮತ್ತು ಅಳತೆಗಳ ಒಂದು ವ್ಯವಸ್ಥೆ. ಒಂದು ಅಳತೆಯನ್ನು ಬದಲಿಸಿದರೆ ಉಳಿದುದೆಲ್ಲ ಆ ಸಂಬಂಧಗಳಿಗೆ ಅನುಗುಣವಾಗಿ ತಾನೇ ಬದಲಾಗುತ್ತದೆ.

ಒಂದು ಆಯತವನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಒಂದು ರೇಖಾಖಂಡಕ್ಕೆ ಎರಡು ತುದಿಗಳು. ಪ್ರತಿ ತುದಿಯೂ ಅಡ್ಡಕ್ಕೆ ಮತ್ತು ಉದ್ದಕ್ಕೆ, ಹೀಗೆ ಎರಡು ರೀತಿ ಸರಿಯಬಲ್ಲದು. ಆದ್ದರಿಂದ ಬಿಡಿಯಾದ ನಾಲ್ಕು ಗೆರೆಗಳಿಗೆ ಒಟ್ಟು 16 ಬಗೆಯ ಚಲನ ಸ್ವಾತಂತ್ರ್ಯವಿದೆ. ನಾಲ್ಕು ಮೂಲೆಗಳಲ್ಲಿ ತುದಿಗಳನ್ನು ಕೂಡಿಸಿದಾಗ 8 ಕಳೆದು 8 ಉಳಿಯುತ್ತವೆ. ಎರಡು ಗೆರೆ ಅಡ್ಡಮಟ್ಟ, ಎರಡು ಗೆರೆ ನೇರಲಂಬ ಎಂದು ವಿಧಿಸಿದಾಗ 4 ಉಳಿಯುತ್ತವೆ. ಉದ್ದ ಮತ್ತು ಅಗಲಗಳನ್ನು ನಿಗದಿಪಡಿಸಿದರೆ 2. ಒಂದು ಮೂಲೆಯನ್ನು ಮೂಲಬಿಂದುವಿಗೆ ಕಟ್ಟಿದರೆ ಸೊನ್ನೆ. ಆಗ ನಕ್ಷೆ ಪೂರ್ಣವಾಗಿ ಬಿಗಿದಂತಾಯಿತು. ಸಾಲಿಡ್‌ವರ್ಕ್ಸ್‌ನಲ್ಲಿ ನೀಲಿ ಗೆರೆಗಳು ಕಪ್ಪಾಗುತ್ತವೆ, ಫ್ರೀಕ್ಯಾಡ್‌ನಲ್ಲಿ ಹಸಿರಾಗುತ್ತವೆ. ಇದರ ಮೇಲೆ 'ಈ ಮೂಲೆ ಲಂಬಕೋನ' ಎಂದು ಮತ್ತೊಂದು ಷರತ್ತನ್ನು ಹೇರಿದರೆ ಅದು ಪುನರುಕ್ತಿ. ಎದುರುಬದುರಿನ ಬಾಹುಗಳಿಗೆ ಬೇರೆ ಬೇರೆ ಅಳತೆ ಕೊಟ್ಟರೆ ಅದು ವಿರೋಧ. ತಂತ್ರಾಂಶ ಎರಡನ್ನೂ ದೋಷವೆಂದು ಎತ್ತಿ ತೋರಿಸುತ್ತದೆ.

ಕಲಿಕೆಯ ತೊಡಕು ಇರುವುದು ಇಲ್ಲಿಯೇ. ಗೆರೆಗಳ ಬಣ್ಣ ಬದಲಾಗುವವರೆಗೆ ಕೈಗೆ ಸಿಕ್ಕ ಗೆರೆಗಳಿಗೆಲ್ಲ ಅಳತೆ ಕೊಡುತ್ತ ಹೋಗುವ ವಿದ್ಯಾರ್ಥಿಯ ನಕ್ಷೆ ನೋಡಲು ಸರಿಯಾಗಿಯೇ ಇರುತ್ತದೆ. ನಾಲ್ಕು ತೂತುಗಳಿರುವ ಒಂದು ಕಬ್ಬಿಣದ ತಗಡಿನ ನಕ್ಷೆಯನ್ನು ಕಲ್ಪಿಸಿಕೊಳ್ಳಬಹುದು. ತೂತುಗಳು ಎರಡೂ ಅಂಚುಗಳಿಂದ ಸಮದೂರದಲ್ಲಿರಬೇಕು ಎಂಬ ಸಂಬಂಧವನ್ನು ಹೇಳದೆ ಬರಿಯ ಅಂಕಿಗಳನ್ನು ತುಂಬಿದ್ದರೆ, ತಗಡಿನ ಅಗಲ ಹೆಚ್ಚಿಸಿದ ಕೂಡಲೇ ತೂತುಗಳು ಒಂದು ಪಕ್ಕಕ್ಕೆ ಉಳಿದುಬಿಡುತ್ತವೆ. ಅಂಕಿ ಸರಿ, ಆಶಯ ತಪ್ಪು. ವಸ್ತುವಿನ ಯಾವ ಗುಣ ಬದಲಾಗಬಾರದು, ಯಾವುದು ಬದಲಾಗಬಹುದು ಎಂಬುದನ್ನು ಮೊದಲು ತನ್ನೊಳಗೆ ಒಂದು ವಾಕ್ಯವಾಗಿ ಹೇಳಿಕೊಳ್ಳಬಲ್ಲವರಿಗೆ ಮಾತ್ರ ಈ ವಿದ್ಯೆ ದಕ್ಕುತ್ತದೆ. ಆ ವಾಕ್ಯ ಯಾವ ಭಾಷೆಯದು ಎಂಬುದು ಕನ್ನಡ ವಿಭಾಗಗಳು ಕೇಳಲೇಬೇಕಾದ ಪ್ರಶ್ನೆ.

ಇದಕ್ಕೆ ಬೇಕಾದ ಪದಗಳು ಕನ್ನಡದಲ್ಲಿ ಇಲ್ಲವೆನ್ನುವುದು ಪರಿಶೀಲನೆಗೆ ನಿಲ್ಲದ ಮಾತು. ಸಮಾಂತರ, ಲಂಬ, ಸ್ಪರ್ಶಕ, ಏಕಕೇಂದ್ರೀಯ, ಸಮಮಿತಿ, ಮಧ್ಯಬಿಂದು ಇವೆಲ್ಲವೂ ಕನ್ನಡ ಮಾಧ್ಯಮದ ರೇಖಾಗಣಿತದ ಪಾಠಗಳಲ್ಲಿ ಬಳಕೆಯಲ್ಲಿರುವ ಪದಗಳು. ಉಪ್ಪುಂದದ ವಿದ್ಯಾರ್ಥಿ ಇವುಗಳನ್ನು ಪರೀಕ್ಷೆಗೆ ಬರೆದು ಉತ್ತೀರ್ಣನಾಗಿಯೇ ಮುಂದಿನ ತರಗತಿಗೆ ಹೋಗುತ್ತಾನೆ. ಕ್ಯಾಡ್ ಪರದೆಯ ಚಿಹ್ನೆಗಳಲ್ಲಿ ಬಹುಪಾಲು ಇವೇ ಸಂಬಂಧಗಳನ್ನು ಸೂಚಿಸುತ್ತವೆ. ಆದರೆ ತಾನು ಈಗಾಗಲೇ ಬಲ್ಲ ಸ್ಪರ್ಶಕವೇ ಇಲ್ಲಿ ಟ್ಯಾಂಜೆಂಟ್ ಎಂಬ ಹೆಸರಿನಲ್ಲಿ ಬಂದಿದೆಯೆಂದು ಹೇಳುವವರಿಲ್ಲದಿದ್ದರೆ ಅವನು ಎಲ್ಲವನ್ನೂ ಹೊಸದಾಗಿ, ಬರಿಯ ಗುಂಡಿಗಳ ಹೆಸರಾಗಿ ಉರುಹೊಡೆಯಬೇಕಾಗುತ್ತದೆ. ಶಾಲೆಯ ಹೊರಗೂ ಈ ಜ್ಞಾನವಿದೆ. ಬಡಗಿಯ ಮೂಲೆಮಟ್ಟ ಲಂಬಕೋನವನ್ನು, ಗಾರೆಯವರ ರಸಮಟ್ಟ ಅಡ್ಡಮಟ್ಟವನ್ನು, ತೂಗುಗುಂಡು ನೇರಲಂಬವನ್ನು, ಹಿಡಿದು ಕಟ್ಟಿದ ನೂಲು ಒಂದೇ ಸಾಲನ್ನು ಕಾಯುತ್ತವೆ. ಅಂಕಿಯ ಅಳತೆಗಿಂತ ಮೊದಲು ಸಂಬಂಧವನ್ನು ನಿಲ್ಲಿಸುವ ಕ್ರಮ ಈ ಕಸುಬುಗಳಲ್ಲಿ ಮೊದಲಿನಿಂದಲೂ ಇದೆ.

ಕನ್ನಡ ಅಧ್ಯಾಪಕರಿಗೆ ಈ ಪರಿಕಲ್ಪನೆ ಅಪರಿಚಿತವೇನಲ್ಲ. ಛಂದಸ್ಸಿನ ಪಾಠದಲ್ಲಿ ಇದರ ಹತ್ತಿರದ ರೂಪವಿದೆ. ಚಂಪಕಮಾಲಾ ವೃತ್ತದ ಒಂದು ಪಾದದ 21 ಅಕ್ಷರಗಳಿಗೂ ಗುರು-ಲಘುಗಳ ಸ್ಥಾನ ನಿಗದಿಯಾಗಿದೆ. ಆ ವಿನ್ಯಾಸದ ಮಟ್ಟಿಗೆ ಅದು ಪೂರ್ಣವಾಗಿ ಬಿಗಿದ ರೂಪ. ಕಂದಪದ್ಯದಲ್ಲಿ ಒಟ್ಟು 64 ಮಾತ್ರೆಗಳೂ ಅವುಗಳ ಗಣವಿಭಾಗವೂ ಗೊತ್ತಾಗಿವೆ, ಆದರೆ ಕೆಲವು ನಿಯಮಗಳೊಳಗೆ ಗುರು-ಲಘುಗಳ ಜೋಡಣೆ ಕವಿಗೆ ಬಿಟ್ಟದ್ದು. ರಗಳೆಯಲ್ಲಿ ಸಾಲುಗಳ ಸಂಖ್ಯೆಯೂ ಮುಕ್ತ. ಉಳಿದ ಸ್ವಾತಂತ್ರ್ಯವೆಷ್ಟು ಎಂದು ಎಣಿಸುವ ಕ್ರಮ ಎರಡೂ ಕಡೆ ಒಂದೇ ಬಗೆಯದು. ಹೋಲಿಕೆಗೆ ಮಿತಿಯೂ ಇದೆ: ಕಾವ್ಯದಲ್ಲಿ ಉಳಿದ ಸ್ವಾತಂತ್ರ್ಯ ಕವಿಯ ಅವಕಾಶವಾದರೆ, ಯಂತ್ರದ ಬಿಡಿಭಾಗದ ನಕ್ಷೆಯಲ್ಲಿ ಅದು ಮುಂದೆ ದೋಷವಾಗಿ ಹೊರಬೀಳಬಹುದು.

ಪರಿಭಾಷೆಯ ಆಯ್ಕೆ ಇಲ್ಲಿ ಬರಿಯ ಅನುವಾದದ ಪ್ರಶ್ನೆಯಲ್ಲ. ಕನ್ಸ್‌ಟ್ರೇಂಟ್ ಎಂಬುದಕ್ಕೆ 'ನಿರ್ಬಂಧ' ಎಂಬ ಪದ ಸಹಜವಾಗಿ ಒದಗುತ್ತದೆ. ಆದರೆ ಕನ್ನಡದ ಕಿವಿಗೆ ನಿರ್ಬಂಧವೆಂದರೆ ತಡೆ, ನಿಷೇಧ. 'ಕಟ್ಟು' ಎಂಬ ಪದಕ್ಕೆ ಈ ತೊಂದರೆಯಿಲ್ಲ. ಹಗ್ಗ ಕಟ್ಟುವುದರಲ್ಲಿ ಬಿಗಿಯುವ ಅರ್ಥವಿದೆ. ಮನೆ ಕಟ್ಟುವುದರಲ್ಲಿ, ಹಾಡು ಕಟ್ಟುವುದರಲ್ಲಿ ನಿರ್ಮಿಸುವ ಅರ್ಥವಿದೆ. ಕ್ಯಾಡ್ ನಕ್ಷೆಯಲ್ಲಿ ಬಿಗಿಯುವುದು ಮತ್ತು ನಿರ್ಮಿಸುವುದು ಒಂದೇ ಕ್ರಿಯೆಯಾದ್ದರಿಂದ ಪೂರ್ಣ ಕಟ್ಟು, ಅರೆಗಟ್ಟು, ಅತಿಗಟ್ಟು ಎಂಬ ಪದಗಳು ಪರಿಕಲ್ಪನೆಯನ್ನೂ ಜೊತೆಗೇ ಕಲಿಸುತ್ತವೆ. ಹಾಗೆಂದು ರೂಢಿಯಲ್ಲಿರುವ ಸ್ಪರ್ಶಕ, ಸಮಾಂತರಗಳನ್ನು ದೇಸಿಯ ಹೆಸರಿನಲ್ಲಿ ಕೈಬಿಡುವುದು ಅವಿವೇಕವಾದೀತು. ಕಲಿಯುವವರಿಗೆ ಗೊತ್ತಿರುವ ಪದವೇ ಮೊದಲ ಆಯ್ಕೆಯಾಗಬೇಕು.

ತಂತ್ರಾಂಶದ ಆದೇಶಗಳು ಇಂಗ್ಲಿಷಿನಲ್ಲಿರುವಾಗ, ಉದ್ಯೋಗವೂ ಇಂಗ್ಲಿಷನ್ನೇ ಬೇಡುವಾಗ ಈ ಶ್ರಮದಿಂದ ಫಲವೇನು ಎಂಬ ಆಕ್ಷೇಪವಿದೆ. ಇದನ್ನು ತಳ್ಳಿಹಾಕುವಂತಿಲ್ಲ. ಮಂಗಳೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಕೆಲಸಕ್ಕೆ ಹೋಗುವವರು ಇಂಗ್ಲಿಷ್ ಹೆಸರುಗಳನ್ನು ಬಲ್ಲವರಾಗಿರಲೇಬೇಕು. ಆದರೆ ಹೆಸರು ಬೇರೆ, ತಿಳಿವಳಿಕೆ ಬೇರೆ. ಇಂಗ್ಲಿಷಿನ ಹೆಸರನ್ನು ಕನ್ನಡದ ತಿಳಿವಳಿಕೆಯ ಮೇಲೆ ಕೂರಿಸುವುದು ಸುಲಭ. ತಿಳಿವಳಿಕೆಯಿಲ್ಲದೆ ಹೆಸರನ್ನಷ್ಟೇ ಹೊತ್ತವರು ತಂತ್ರಾಂಶ ಬದಲಾದೊಡನೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿರುವ ಕೋಟದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆಯುವಾಗ ಪರಿಭಾಷೆ ಸಿದ್ಧವಾಗಲೆಂದು ಕಾದು ಕೂರಲಿಲ್ಲ. ವಿಷಯವನ್ನು ವಿವರಿಸುತ್ತಲೇ ಭಾಷೆಯನ್ನು ಹದಗೊಳಿಸಿದರು. ಅದೇ ಕರಾವಳಿಯ ವಿದ್ಯಾರ್ಥಿಗಳಿಗಾಗಿ ಇಂದು ಆಗಬೇಕಾದ ಕೆಲಸ ದೊಡ್ಡ ನಿಘಂಟಿನದಲ್ಲ. ಕನ್ನಡ ಅಧ್ಯಾಪಕರೊಬ್ಬರು, ಕ್ಯಾಡ್ ಕಲಿಸುವವರೊಬ್ಬರು, ಬಡಗಿ ಕಸುಬಿನವರೊಬ್ಬರು ಒಟ್ಟಿಗೆ ಕುಳಿತು ಹತ್ತು ನಕ್ಷೆಗಳ ಒಂದು ಕೈಪಿಡಿಯನ್ನು ರೂಪಿಸಬಹುದು. ಪ್ರತಿ ನಕ್ಷೆಗೂ ಮೊದಲು 'ಇದರಲ್ಲಿ ಯಾವುದು ಬದಲಾಗಬಾರದು?' ಎಂಬ ಪ್ರಶ್ನೆ, ಅದಕ್ಕೆ ವಿದ್ಯಾರ್ಥಿ ಕನ್ನಡದಲ್ಲಿ ಬರೆಯುವ ಉತ್ತರ, ಅನಂತರ ಪರದೆಯ ಕೆಲಸ, ಕೊನೆಗೆ ಇಂಗ್ಲಿಷ್ ಹೆಸರುಗಳ ಪಟ್ಟಿ. ಫ್ರೀಕ್ಯಾಡ್ ಮುಕ್ತ ತಂತ್ರಾಂಶವಾದ್ದರಿಂದ ಇದಕ್ಕೆ ಪರವಾನಗಿಯ ವೆಚ್ಚವೂ ಇಲ್ಲ. ಪರಿಭಾಷೆಯ ಕುರಿತ ವಿಚಾರಸಂಕಿರಣಗಳಿಗೆ ವ್ಯಯವಾಗುವ ಶ್ರಮದಲ್ಲಿ ಒಂದು ಪಾಲು ಇಂಥ ಕೈಪಿಡಿಗೆ ಸಂದರೆ, ಪದಗಳು ಬಳಕೆಗೆ ಬರುತ್ತವೆಯೋ ಇಲ್ಲವೋ ಎಂಬುದು ತರಗತಿಯಲ್ಲಿಯೇ ತೀರ್ಮಾನವಾಗುತ್ತದೆ.