ತಾತನ ನೋವು ಎಷ್ಟು ಮಾರ್ಕು?

ಮಕ್ಕಳೇ, ನಮ್ಮ ರಾಯಲ್ಪಾಡಿನಿಂದ ಶ್ರೀನಿವಾಸಪುರದ ಬಸ್ಸು ಹತ್ತಿದರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಕಿಟಕಿ ಪಕ್ಕದ ಸೀಟು, ಜೇಬಿನಲ್ಲಿ ನಿಂಬೆಹಣ್ಣು ಎರಡೂ ಬೇಕು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗಲೂ ಇದೇ ಪಾಡು. ನಾಚಿಕೆಯಿಂದ ಯಾರಿಗೂ ಹೇಳುತ್ತಿರಲಿಲ್ಲ.

ಅದಕ್ಕೇ, ಹರ್ನಿಯಾ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರು "ಬಸ್ಸಿನಲ್ಲಿ ವಾಂತಿ ಆಗುತ್ತಾ ತಾತ?" ಎಂದು ಕೇಳಿದಾಗ, ಹೊಟ್ಟೆ ಕೊಯ್ಯುವುದಕ್ಕೂ ಬಸ್ಸಿಗೂ ಏನು ಸಂಬಂಧ ಅಂದುಕೊಂಡು "ಇಲ್ಲಮ್ಮ" ಅಂದುಬಿಟ್ಟೆ.

ಸಂಬಂಧ ಇತ್ತು. ಪೂರ್ತಿ ಎಚ್ಚರ ತಪ್ಪಿಸಿ ಆಪರೇಷನ್ ಮಾಡಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಆಮೇಲೆ ವಾಕರಿಕೆ, ವಾಂತಿ ಬರುತ್ತದೆ. ಹೆಂಗಸರಿಗೆ, ಬಸ್ಸಿನಲ್ಲಿ ವಾಂತಿಯಾಗುವವರಿಗೆ, ಮಾರ್ಫೀನ್ ಜಾತಿಯ ನೋವಿನ ಮದ್ದು ಪಡೆಯುವವರಿಗೆ ಹೆಚ್ಚು. ಬೀಡಿ ಸೇದದವರಿಗೂ ಹೆಚ್ಚಂತೆ! ಇದನ್ನು ಕೇಳಿ ನನ್ನ ಗೆಳೆಯನೊಬ್ಬ ಬೀಡಿ ಹಚ್ಚಿ ಬೀಗಿದ. ಅವನ ಕೆಮ್ಮು ಕೇಳಿದವರು ಯಾರೂ ಹಿಂಬಾಲಿಸಲಾರರು. ನಾನು ನಿಜ ಹೇಳಿದ್ದರೆ ಒಂಡಾನ್ಸೆಟ್ರಾನ್ ಥರದ ಇಂಜೆಕ್ಷನ್ ಮೊದಲೇ ಕೊಡಬಹುದಿತ್ತು. ಹೊಲಿಗೆ ಹಾಕಿದ ಹೊಟ್ಟೆಯಿಂದ ವಾಂತಿ ಮಾಡುವುದು ಏನೆಂದು ಆ ರಾತ್ರಿ ಗೊತ್ತಾಯಿತು.

ಮಾರನೆಯ ದಿನ ನರ್ಸಮ್ಮ, "ನೋವು 0ಯಿಂದ 10ರಲ್ಲಿ ಎಷ್ಟು?" ಎಂದರು. 36 ವರ್ಷ ನೋಟು ಎಣಿಸಿದವನು ನಾನು, "ಎರಡು" ಎಂದು ಸುಳ್ಳು ಲೆಕ್ಕ ಕೊಟ್ಟೆ. ನೋವಿನ ಮದ್ದು ಚಟವಾದೀತೆಂಬ ಹೆದರಿಕೆ. ಗಂಡಸು ನರಳಬಾರದೆಂಬ ಬಿಂಕ ಬೇರೆ. ಆದರೆ ನೋವಿಗೆ ಹೆದರಿ ಉಸಿರು ಪೂರ್ತಿ ಎಳೆಯುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ, ಏಳುತ್ತಲೂ ಇರಲಿಲ್ಲ. ಹಾಗೆ ಬಿದ್ದುಕೊಂಡರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಪಕ್ಕದ ಮಂಚದಲ್ಲಿ ಮಾವಿನ ತೋಟದ ಯಜಮಾನರೊಬ್ಬರಿದ್ದರು. ನಮ್ಮದು ಗಡಿಸೀಮೆ, ಅವರ ಬಾಯಲ್ಲಿ ಬರೀ ತೆಲುಗು. "ನೊಪ್ಪಿ ಕಾದಮ್ಮಾ, ಮಂಟ" ಎಂದರು. ನೋವಲ್ಲ, ಉರಿ. ಆ ಒಂದು ಮಾತಿಗೆ ನರ್ಸಮ್ಮ ಡ್ರಿಪ್ ಹಾಕಿದ ಕೈ ನೋಡಿದರೆ, ಸೂಜಿ ಜರುಗಿ ಕೈ ಊದಿತ್ತು. ತಕ್ಷಣ ಬದಲಾಯಿಸಿದರು.

ಸಂಜೆ ಮೊಮ್ಮಗಳು ಬಂದಳು, ನಾಲ್ಕನೇ ಕ್ಲಾಸು. ಗೋಡೆಯ ಮೇಲೆ ಆರು ಮುಖಗಳ ಚಿತ್ರ ಇತ್ತು: ನಗುವ ಮುಖಕ್ಕೆ 0, ಅಳುವ ಮುಖಕ್ಕೆ 10. ಅಮೆರಿಕದ ಒಕ್ಲಹೋಮದಲ್ಲಿ ಡೋನಾ ವಾಂಗ್, ಕಾನಿ ಬೇಕರ್ ಎಂಬ ಇಬ್ಬರು 1980ರ ದಶಕದಲ್ಲಿ ಮಕ್ಕಳಿಗೆಂದೇ ಮಾಡಿದ ಅಳತೆಗೋಲು ಅದು. ಅವಳು ಚಿತ್ರ ನೋಡಿದಳು, ನನ್ನ ಮುಖ ನೋಡಿದಳು, 8ರ ಮೇಲೆ ಬೆರಳಿಟ್ಟಳು. "ತಾತ ಸುಳ್ಳು ಹೇಳ್ತಿದ್ದಾರೆ ಆಂಟಿ." ನಿಜವಾಗಿ ಆ ಮುಖ ನಾವೇ ಆರಿಸಬೇಕು, ನೋಡಿದವರಲ್ಲ. ಆದರೂ ನಾನು ತಲೆಯಾಡಿಸಿದೆ.

ಮದ್ದು ಬದಲಾಯಿತು. ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮುವುದನ್ನು ಕಲಿತೆ. ನೋವು ಏರುವ ತನಕ ಕಾಯದೆ, ಡಾಕ್ಟರು ಬರೆದ ಹೊತ್ತಿಗೇ ಮಾತ್ರೆ ನುಂಗಿದೆ. ಅಜ್ಜ ಅಜ್ಜಿಯರೇ, ಜೊತೆಗೆ ಶೀತದ ಮಾತ್ರೆ ತಂದು ನುಂಗಬೇಡಿ. ಅದರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಹೆಚ್ಚಾದರೆ ಲಿವರಿಗೆ ಕುತ್ತು. ದಿನ ಕಳೆದಂತೆ ನೋವು ಇಳಿಯದೆ ಏರಿದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಈಗ ನನಗೆ ಎಡಗಡೆಯೂ ಹರ್ನಿಯಾ. ಹೋದ ವಾರ ಡಾಕ್ಟರು ಮತ್ತೆ ಬಸ್ಸಿನ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಮೊಮ್ಮಗಳು ಹೇಳಿದಳು: "ನಿಂಬೆಹಣ್ಣು ಇಲ್ಲದೆ ತಾತ ಬಸ್ಸು ಹತ್ತೋದೇ ಇಲ್ಲ."