ಬಾವುಟದ ಹಿಂದಿನ ಯುರೋಪು

ಯುರೋಪು ಪ್ರವಾಸ ಮುಗಿಸಿ ಬಂದ ನಮ್ಮ ಹಿರಿಯ ಮಿತ್ರರನ್ನು ‘ಏನೇನು ನೋಡಿದಿರಿ?’ ಎಂದು ವಿಚಾರಿಸಿ ನೋಡಿ. ಅವರು ಮೊದಲು ಹೇಳುವುದು ದೇಶಗಳ ಸಂಖ್ಯೆಯನ್ನು. 12 ದಿನ, 8 ದೇಶ! ಬಸ್ಸಿನಿಂದ ಇಳಿಯುವುದು, ಬಾವುಟ ಹಿಡಿದ ಮಾರ್ಗದರ್ಶಿಯ ಬೆನ್ನುಹತ್ತಿ ನಡೆಯುವುದು, ಭಾವಚಿತ್ರ ತೆಗೆಸಿಕೊಳ್ಳುವುದು, ಮತ್ತೆ ಬಸ್ಸು ಏರುವುದು. ರಾತ್ರಿ ಊರಾಚೆಯ ಹೋಟೆಲಿನಲ್ಲಿ ನಮ್ಮವರೇ ಮಾಡಿದ ಅನ್ನ-ಸಾರು. ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ನನಗೆ ಈ ವರ್ಣನೆ ಬಹಳ ಪರಿಚಿತ. ಇದು ನಾವು ಮಕ್ಕಳನ್ನು ಕರೆದೊಯ್ಯುತ್ತಿದ್ದ ಶೈಕ್ಷಣಿಕ ಪ್ರವಾಸವೇ. ಅಂದು ಸೀಟಿ ಊದುತ್ತಿದ್ದವರು ನಾವಾಗಿದ್ದೆವು, ಇಂದು ಸೀಟಿಗೆ ಓಡಿ ಬರುವವರಾಗಿದ್ದೇವೆ, ಅಷ್ಟೇ ವ್ಯತ್ಯಾಸ.

ಮಂಡಿನೋವಿನವರು, ಒಬ್ಬಂಟಿಯಾಗಿ ನಡೆಯಲಾಗದವರು ಗುಂಪಿನೊಡನೆ ಹೋಗಲಿ. ಅವರ ಬಗೆಗೆ ನನ್ನ ತಕರಾರಿಲ್ಲ. ನನ್ನ ಜಗಳವಿರುವುದು ಆರೋಗ್ಯವಂತರಾದ, ಅಕ್ಷರಸ್ಥರಾದ ಹಿರಿಯರನ್ನು ‘ನಿಮ್ಮಿಂದಾಗದು’ ಎಂದು ಕೂರಿಸುವವರೊಡನೆ. ನನ್ನ ಸಹೋದ್ಯೋಗಿಯಾಗಿದ್ದ ಗಣಿತದ ಶಿಕ್ಷಕಿಯೊಬ್ಬರಿದ್ದಾರೆ. ನಲವತ್ತು ಮಕ್ಕಳನ್ನು ಹಂಪಿಗೆ ಕರೆದೊಯ್ದು, ಒಬ್ಬರೂ ತಪ್ಪಿಹೋಗದಂತೆ ಮರಳಿ ತಂದವರು. ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರವನ್ನು ನಿಭಾಯಿಸಿದವರು. ಅಂಥವರಿಗೆ ಜರ್ಮನಿಯಲ್ಲಿ ಒಂದು ರೈಲು ಬದಲಿಸಲು ಬಾರದೆಂದು ಅವರ ಮಗ ತೀರ್ಮಾನಿಸಿದ್ದಾನೆ! ಕಾಳಜಿಯ ಹೆಸರಿನಲ್ಲಿ ನಡೆಯುವ ಈ ಅವಮಾನವನ್ನು ನಾವು ಮಾತಾಪಿತೃ ಸೇವೆಯೆಂದು ಕರೆಯುತ್ತಿದ್ದೇವೆ.

2023ರಲ್ಲಿ ನಾನೂ ನನ್ನ ಪತ್ನಿಯೂ ಯಾವ ಗುಂಪನ್ನೂ ಸೇರದೆ ಮೂರು ವಾರ ಸ್ವಿಟ್ಜರ್ಲೆಂಡ್ ಹಾಗೂ ದಕ್ಷಿಣ ಜರ್ಮನಿಯಲ್ಲಿ ತಿರುಗಾಡಿ ಬಂದೆವು. ಎರಡೂ ಶೆಂಗೆನ್ ವ್ಯವಸ್ಥೆಯೊಳಗಿನ ದೇಶಗಳಾದ್ದರಿಂದ ಒಂದೇ ವೀಸಾ ಸಾಕು. ಬಾಸೆಲ್ ನಗರದಲ್ಲಿ 8ನೇ ಸಂಖ್ಯೆಯ ಟ್ರಾಮ್ ಹತ್ತಿದರೆ ಅದು ಜರ್ಮನಿಯ ವೈಲ್ ಆಮ್ ರೈನ್ ಎಂಬ ಊರಿಗೆ ಮುಟ್ಟಿಸುತ್ತದೆ. 3ನೇ ಸಂಖ್ಯೆಯದು ಫ್ರಾನ್ಸಿನ ಸೇಂಟ್ ಲೂಯಿಗೆ. ಸ್ವಿಟ್ಜರ್ಲೆಂಡಿನ ಬೆಲೆಗಳಿಗೆ ಬೇಸತ್ತ ಗೃಹಿಣಿಯರು ಕೈಚೀಲ ಹಿಡಿದು ಪರದೇಶಕ್ಕೆ ಹೋಗಿ ದಿನಸಿ ತರುತ್ತಾರೆ. ಎರಡು ಮಹಾಯುದ್ಧಗಳ ಪಾಠವನ್ನು ಎಷ್ಟೋ ಬಾರಿ ಮಾಡಿದ್ದ ನನಗೆ, ಗಡಿಯೆಂಬುದು ಹೀಗೂ ಇರಬಹುದೆಂದು ತಿಳಿದದ್ದು ಆ ಟ್ರಾಮಿನಲ್ಲಿ ಕುಳಿತಾಗಲೇ. (ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಲಿ, ತಪಾಸಣೆ ಪೂರ್ತಿ ಇಲ್ಲವೆಂದಲ್ಲ.) ಗುಂಪಿನ ಬಸ್ಸು ಈ ಟ್ರಾಮನ್ನು ತೋರಿಸುವುದಿಲ್ಲ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಂಥದ್ದೇನೂ ಇಲ್ಲವಲ್ಲ!

ಜರ್ಮನಿಯ ರೈಲು ನಿಲ್ದಾಣಗಳಲ್ಲಿ ಟಿಕೆಟ್ ತಡೆಯುವ ಗೇಟುಗಳಿಲ್ಲ. ಯಾರೂ ಕೇಳುವುದಿಲ್ಲ, ನೇರವಾಗಿ ಹೋಗಿ ಕುಳಿತುಕೊಳ್ಳಬಹುದು. ಆಗಾಗ ಪರೀಕ್ಷಕರು ಬರುತ್ತಾರೆ. ಟಿಕೆಟ್ ಇಲ್ಲದಿದ್ದರೆ 60 ಯುರೋ ದಂಡ. ಕೆಲವು ಊರುಗಳಲ್ಲಿ ಟಿಕೆಟ್ ಕೊಂಡರಷ್ಟೇ ಸಾಲದು, ಹತ್ತುವ ಮುನ್ನ ಪುಟ್ಟ ಯಂತ್ರದಲ್ಲಿ ಮುದ್ರೆಯೊತ್ತಿಸಬೇಕು. ಮೊದಲು ನಂಬುವುದು, ಅನಂತರ ಪರೀಕ್ಷಿಸುವುದು! ಪೌರನೀತಿಯ ಈ ಅಧ್ಯಾಯವನ್ನು ನಾನು ಕಪ್ಪುಹಲಗೆಯ ಮೇಲೆ ವಿವರಿಸಿದ್ದೆ. ಅಲ್ಲಿ ನನ್ನ ಜೇಬಿನ ಟಿಕೆಟಿಗೆ ನಾನೇ ಜವಾಬ್ದಾರನಾಗಿದ್ದೆ. ಗುಂಪಿನಲ್ಲಿ ಬಂದವರ ಟಿಕೆಟ್ ಯಾರ ಬಳಿಯಿದೆಯೆಂಬುದು ಅವರಿಗೇ ತಿಳಿದಿರುವುದಿಲ್ಲ.

ಹಾಗೆಂದು ಎಲ್ಲವೂ ಸುಸೂತ್ರವೆಂದು ಭ್ರಮಿಸಬೇಡಿ. ಜರ್ಮನಿಯ ರೈಲು ಗಡಿಯಾರದಂತೆ ಓಡುತ್ತದೆಂಬುದು ಹಳೆಯ ಕಥೆ. ಆರು ನಿಮಿಷದೊಳಗಿನ ವಿಳಂಬವನ್ನು ಲೆಕ್ಕಕ್ಕೇ ಹಿಡಿಯದಿದ್ದರೂ, ನಾವು ಹೋದ ಆ ವರ್ಷ ಅಲ್ಲಿನ ದೂರಪ್ರಯಾಣದ ರೈಲುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ತಡವಾಗಿ ತಲುಪಿದವು. ಆದರೆ ಒಂದು ಗಂಟೆ ತಡವಾದರೆ ದರದ ಕಾಲು ಭಾಗವನ್ನೂ ಎರಡು ಗಂಟೆಯಾದರೆ ಅರ್ಧವನ್ನೂ ಸಾಮಾನ್ಯವಾಗಿ ಮರಳಿ ಕೇಳುವ ಹಕ್ಕು ಪ್ರಯಾಣಿಕನಿಗಿದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಬ್ರೆಡ್ಡು, ಮೊಸರು, ಹಣ್ಣು ಕೊಂಡಿಡದಿದ್ದರೆ ಪರದಾಟ. ಸಸ್ಯಾಹಾರಿಗಳು ಉಪವಾಸ ಬೀಳುತ್ತಾರೆಂಬ ಬೆದರಿಕೆಯಂತೂ ಶುದ್ಧ ಸುಳ್ಳು. ಮೂರು ವಾರ ನಾವು ಮೊಸರು ತಿಂದಷ್ಟು ಇಲ್ಲಿಯೂ ತಿಂದಿಲ್ಲ.

ಇನ್ನು ನನಗೆ ನಿಜಕ್ಕೂ ಸಂಕಟ ತರುವ ವಿಷಯಕ್ಕೆ ಬರುತ್ತೇನೆ. ಕನ್ನಡಿಗರ ಬಸ್ಸು ಹಿಮಪರ್ವತದ ತುದಿಗೆ ಹೋಗುತ್ತದೆ, ಚಾಕೊಲೇಟು ಅಂಗಡಿಯ ಮುಂದೆ ನಿಲ್ಲುತ್ತದೆ. ಬಾಸೆಲ್ ಮಿಷನ್ನಿನ ಮನೆಯ ಮುಂದೆ ಅದು ನಿಂತದ್ದನ್ನು ನಾನು ಕೇಳಿಲ್ಲ. 1815ರಲ್ಲಿ ಸ್ಥಾಪಿತವಾದ ಆ ಮಿಷನ್ನಿನಲ್ಲಿಯೇ ತರಬೇತಿ ಪಡೆದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡ ಪತ್ರಿಕೋದ್ಯಮ ಆರಂಭವಾದದ್ದು ಅಲ್ಲಿಂದಲೇ. ಅಲ್ಲಿಯೇ ಕಲಿತ ಫರ್ಡಿನಾಂಡ್ ಕಿಟ್ಟೆಲ್ ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ನಮ್ಮ ಕೈಗಿತ್ತರು. ಮೊಗ್ಲಿಂಗ್ 1881ರಲ್ಲಿ ತೀರಿಕೊಂಡ ಎಸ್ಲಿಂಗೆನ್ ಪಟ್ಟಣಕ್ಕೆ ಸ್ಟುಟ್‌ಗಾರ್ಟಿನಿಂದ ಸ್ಥಳೀಯ ರೈಲಿನಲ್ಲಿ ಕಾಲು ಗಂಟೆಯ ಹಾದಿ. ಕಿಟ್ಟೆಲ್ 1903ರಲ್ಲಿ ಕಣ್ಮುಚ್ಚಿದ್ದು ಟ್ಯೂಬಿಂಗೆನ್ನಿನಲ್ಲಿ. ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದೂ ಅಲ್ಲಿನ ವಿಶ್ವವಿದ್ಯಾಲಯವೇ. ಅದೂ ಸ್ಟುಟ್‌ಗಾರ್ಟಿನಿಂದ ಸುಮಾರು ಒಂದು ಗಂಟೆಯ ದಾರಿ, ಅಷ್ಟೇ. ನೆಕರ್ ನದಿಯ ದಂಡೆಯಲ್ಲಿ ಕುಳಿತು ನಾವಿಬ್ಬರು ಕನ್ನಡದಲ್ಲಿ ಮಾತನಾಡಿದೆವು. ನಮ್ಮನ್ನು ಅವಸರಪಡಿಸಲು ಅಲ್ಲಿ ಯಾರೂ ಇರಲಿಲ್ಲ.

‘ಭಾಷೆ ಬರುವುದಿಲ್ಲವಲ್ಲ?’ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಮಂಗಳೂರಿಗೆ ಹಡಗಿನಲ್ಲಿ ಬಂದಿಳಿದ ದಿನ ಮೊಗ್ಲಿಂಗರಿಗೆ ಕನ್ನಡ ಬರುತ್ತಿತ್ತೇ?

ಗಣಿತದ ಮೇಡಂ ಕಳೆದ ವಾರ ನಮ್ಮ ಮನೆಗೆ ಬಂದಿದ್ದರು. ಟ್ಯೂಬಿಂಗೆನ್ನಿಗೆ ಎಲ್ಲೆಲ್ಲಿ ರೈಲು ಬದಲಿಸಬೇಕು, ನಡುವೆ ಎಷ್ಟು ನಿಮಿಷ ಸಿಗುತ್ತದೆ, ಮೊದಲ ರೈಲು ತಡವಾದರೆ ಮುಂದಿನದು ಯಾವಾಗ ಎಂದು ಕೇಳಿ ಎಲ್ಲವನ್ನೂ ತಮ್ಮ ಪುಟ್ಟ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿ ಬರೆದುಕೊಂಡರು. ಮಗನಿಗೆ ಇನ್ನೂ ಹೇಳಿಲ್ಲವಂತೆ.