ಅಜ್ಜನ ಸೈಕಲ್ಲಿಗೆ ವಯಸ್ಸೆಷ್ಟು?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮಗ್ಗವನ್ನು ನಂಬಿ ಬಾಳಿದ ನಮ್ಮ ದೇವಾಂಗ ಮನೆಗಳಲ್ಲಿ ಅಜ್ಜನ ಕಾಲದ ಕಪ್ಪು ಸೈಕಲ್ಲೊಂದು ಇಂದಿಗೂ ಗೋಡೆಗೊರಗಿ ನಿಂತಿರುವುದುಂಟು. ಅದನ್ನು ಗುಜರಿಗೆ ಹಾಕುವ ಮುನ್ನ, ಹೊಸ ಬಣ್ಣ ಬಳಿಸುವುದಕ್ಕೂ ಮುನ್ನ, ವಯಸ್ಸನ್ನು ಓದಿಕೊಳ್ಳುವುದು ಲೇಸು. ಉಪ್ಪುಕಾಗದ ತಗುಲಿದರೆ ಗುರುತುಗಳು ಅಳಿದುಹೋಗುತ್ತವೆ.

ಹ್ಯಾಂಡಲ್ಲಿನ ಕೆಳಗಿರುವ ಲಾಂಛನವನ್ನು ಮೆತ್ತಗೆ ಒರೆಸಿ ನೋಡಿರಿ. ‘ಹರ್ಕ್ಯುಲಿಸ್’ ಎಂದಿದ್ದ ಮಾತ್ರಕ್ಕೆ ಇಂಗ್ಲೆಂಡಿನದೆಂದು ಹಿಗ್ಗಲಾಗದು. ಬರ್ಮಿಂಗ್‌ಹ್ಯಾಮಿನ ಆ ಹೆಸರನ್ನೇ ಮದರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್ ಸಂಸ್ಥೆಯೂ ಬಳಸಿತು. ಸಂಸ್ಥೆ ಹುಟ್ಟಿದ್ದು 1949ರಲ್ಲಿ. ಅಲ್ಲಿ ತಯಾರಾದ ಹರ್ಕ್ಯುಲಿಸ್ ಅದಕ್ಕಿಂತ ಹಳೆಯದಾಗಿರಲಾರದು. ರ‍್ಯಾಲಿಯದೂ ಇದೇ ಕಥೆ: ನಾಟಿಂಗ್‌ಹ್ಯಾಮಿನದೊಂದು, ಆಸನ್‌ಸೋಲಿನ ಸೆನ್-ರ‍್ಯಾಲಿಯದು ಇನ್ನೊಂದು. ಪೆಡಲಿನ ಬಳಿಯ ಹಲ್ಲುಚಕ್ರದೊಳಗೆ ಕೊಕ್ಕರೆಯ ತಲೆಗಳು ಕಂಡರೆ ರ‍್ಯಾಲಿ ಮನೆತನವೆಂದು ಊಹಿಸಬಹುದು.

ಹಿಂದಿನ ಗಾಲಿಗೆ ಮೂರು ವೇಗದ ಸ್ಟರ್ಮಿ-ಆರ್ಚರ್ ಹಬ್ ಇದ್ದರೆ ಅದೃಷ್ಟವೇ ಸರಿ. ನಮ್ಮಲ್ಲಿ ಅದು ವಿರಳ. ಅದರ ಹೊರಮೈಯಲ್ಲಿ ವರ್ಷದ ಅಂಕಿಗಳನ್ನು ಒತ್ತಿರುತ್ತಾರೆ. 55 ಎಂದರೆ 1955. ಆದರೆ ಅದು ಹಬ್ಬಿನ ವಯಸ್ಸು. ಗಾಲಿಯನ್ನು ನಡುವೆ ಎಂದಾದರೂ ಬದಲಿಸಿರಬಹುದಲ್ಲವೆ? ಆದುದರಿಂದ ಚೌಕಟ್ಟಿನ ಸಂಖ್ಯೆ, ಲಾಂಛನ, ಹಬ್ಬು ಮೂರನ್ನೂ ಹೋಲಿಸಬೇಕು. ಸಂಖ್ಯೆಯೊಂದನ್ನೇ ನೋಡಿ ಇಸವಿ ಹೇಳಿಬಿಡುವ ಜಾಣರನ್ನು ನಾನಂತೂ ನಂಬುವುದಿಲ್ಲ.

ಹಿಂದೆ ಪುರಸಭೆಗಳು ಸೈಕಲ್ಲಿಗೂ ತೆರಿಗೆ ವಿಧಿಸಿ ಬಿಲ್ಲೆ ಕೊಡುತ್ತಿದ್ದವು. ಆ ಬಿಲ್ಲೆಯಲ್ಲಿ ಇಸವಿಯಿದ್ದರೆ ಸೈಕಲ್ಲು ಅದಕ್ಕೆ ಮೊದಲೇ ಮನೆಗೆ ಬಂದಿತ್ತೆಂಬುದು ಖಚಿತ. ಅಜ್ಜಿಯ ಟ್ರಂಕಿನ ತಳದಲ್ಲಿ ಅದೂ, ಅಂಗಡಿಯ ರಶೀದಿಯೂ ಇದ್ದೀತು, ಕೇಳಿ ನೋಡಿರಿ.